ಅಂತಃಸ್ಫೋಟ ನೋಡಲು ಬಂದವರು

ಬಂದರಿನ ಹಳೆಯ ಮೆಣಸಿನ ಗೋದಾಮಿಗೂ ನಳಿನಾಕ್ಷಿಯ ಕ್ಯಾಂಟೀನಿಗೂ ನಡುವೆ ಒಂದು ಕೈಗಾಡಿ ಹೋಗುವಷ್ಟೇ ಓಣಿ. ಗೋದಾಮು ಕೆಡಹುವ ಗುತ್ತಿಗೆ ಹಿಡಿದ ಕುದ್ರೋಳಿಯ ಕಾಸಿಂ ಹೆಂಚು, ತೊಲೆಗಳನ್ನೆಲ್ಲ ಇಳಿಸಿದ್ದ. ಉಳಿದದ್ದು ಓಣಿಯ ಬದಿಯ ಕೆಂಪುಕಲ್ಲಿನ ಗೋಡೆ. ಅದು ಹೊರಗೆ ಬಿದ್ದರೆ ಕ್ಯಾಂಟೀನಿನ ಕತೆ ಮುಗಿದಂತೆ.

"ಒಳಗೇ ಬೀಳ್ತದೆ ನಳಿನಾಕ್ಷಕ್ಕ. ಇದಕ್ಕೆ ಅಂತಃಸ್ಫೋಟ ಅಂತ ಹೇಳ್ತಾರೆ," ಎಂದ ಕಾಸಿಂ. ವೀಡಿಯೊ ನೋಡಿ ಕಲಿತ ಪದ.

"ಬಾಂಬ್ ಇಡ್ತೀಯಾ?"

"ಎಂತ ಬಾಂಬ್? ಒಳಗಿನಿಂದ ಬುಡದ ಕಲ್ಲು ತೆಗೆಯುವುದು, ಹಗ್ಗ ಕಟ್ಟಿ ಎಳೆಯುವುದು."

"ಹಾಗಾದ್ರೆ ಅದು ಕುಸಿಯುವುದು ಮಾರಾಯ. ಸ್ಫೋಟ ಎಂತಕ್ಕೆ?"

"ಕುಸಿಯುವುದು ತನ್ನಷ್ಟಕ್ಕೇ ಆಗ್ತದೆ. ಅದಕ್ಕೆ ಯಾರಾದ್ರೂ ಕಂಟ್ರಾಕ್ಟ್ ಕೊಡ್ತಾರಾ?"

ಜನ ದೂರ ಇರಲೆಂದು ಅವನು ಓಣಿಯ ಬಾಯಲ್ಲಿ ಫ್ಲೆಕ್ಸ್ ಕಟ್ಟಿಸಿದ: 'ಎಚ್ಚರಿಕೆ! ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಂತಃಸ್ಫೋಟ.' ನಮ್ಮೂರಿನಲ್ಲಿ ಎಚ್ಚರಿಕೆ ಎಂದು ಬರೆದರೆ ಜನ ಆಮಂತ್ರಣ ಎಂದು ಓದುತ್ತಾರೆ.

ಭಾನುವಾರ ದೋಣಿ ನಿಲ್ಲುವ ದಕ್ಕೆಯಲ್ಲಿ ಮೀನು ಕೊಂಡವರು ಪ್ಲಾಸ್ಟಿಕ್ ತೊಟ್ಟೆ ಸಮೇತ ಬಂದು ಓಣಿ ತುಂಬಿದರು. ಆಟೊ ಓಡಿಸುವ ಕೆಲ್ವಿನ್ ಕಿವಿಗೆ ಹತ್ತಿ ತುರುಕಿಕೊಂಡಿದ್ದ. ಒಬ್ಬರು ಮನೆಯಿಂದ ಕುರ್ಚಿಯನ್ನೇ ತಂದಿದ್ದರು. ಬುಡದ ಕಲ್ಲು ತೆಗೆದಾಗಿತ್ತು. ಗೋಡೆಯನ್ನು ಹಾಗೇ ಬಿಡುವಂತಿಲ್ಲ, ಜನರನ್ನು ಇಟ್ಟುಕೊಂಡು ಎಳೆಯುವಂತೆಯೂ ಇಲ್ಲ.

"ಹಿಂದೆ ಹೋಗಿ!" ಎಂದು ಕಾಸಿಂ ಕಿರುಚಿದ.

"ಶುರುವಾಗ್ತದೆ ಕಾಣ್ತದೆ," ಎಂದು ಜನ ಇನ್ನಷ್ಟು ಮುಂದೆ ಬಂದರು.

ನಳಿನಾಕ್ಷಿ ಒಲೆ ಆರಿಸಿ, ಸೌಟು ಹಿಡಿದೇ ಮೆಟ್ಟಿಲಿಗೆ ಬಂದಳು. "ಎಂತ ಕಾಯುವುದು ನೀವೆಲ್ಲ?"

"ಬಾಂಬ್, ಅಕ್ಕ!" ಎಂದು ಕೆಲ್ವಿನ್ ಬೊಬ್ಬೆ ಹೊಡೆದ.

"ಬಾಂಬೂ ಇಲ್ಲ, ಎಂತದ್ದೂ ಇಲ್ಲ. ಗೋಡೆ ಕುಸಿಯುವುದು, ಅಷ್ಟೆ. ಮಳೆಗಾಲದಲ್ಲಿ ಬಾವಿ ಕುಸಿಯುವುದಿಲ್ವಾ, ಹಾಗೆ. ದಪ್ ಅಂತ ಒಂದು ಸದ್ದು, ಮತ್ತೆ ಬರೀ ಧೂಳು. ಅದಕ್ಕೆ ಬಿಸಿಲಲ್ಲಿ ನಿಂತು ಬಂಗುಡೆ ಮೀನು ಹಾಳು ಮಾಡ್ತೀರಾ?"

"ಬರೀ ಕುಸಿಯುವುದಾ?" ಕುರ್ಚಿಯವರು ಎದ್ದರು. "ಛೆ! ಇದಕ್ಕೆ ನಾನು ಸುರತ್ಕಲ್‌ನಿಂದ ಬಂದದ್ದು."

ಕಾಸಿಂಗೆ ಬೈಯುತ್ತಲೇ ಓಣಿ ಖಾಲಿಯಾಯಿತು.

"ನನ್ನ ಮರ್ಯಾದೆ ತೆಗೆದ್ರಿ ಅಕ್ಕ."

"ನೀನು ಗೋಡೆ ತೆಗಿ."

ಹಗ್ಗ ಬಿಗಿಯಾಯಿತು. ಗೋಡೆ ಯೋಚಿಸುವಂತೆ ಒಂದು ಕ್ಷಣ ನಿಂತು, ಮೊಣಕಾಲು ನೋಯುವ ಮುದುಕನಂತೆ ಒಳಗಡೆಗೇ ಕೂತುಬಿಟ್ಟಿತು. ಕ್ಯಾಂಟೀನಿನ ಒಂದು ಗ್ಲಾಸೂ ಅಲುಗಲಿಲ್ಲ.

ಧೂಳಿನೊಳಗಿಂದ ಕಾಸಿಂ ಹೊರಬಂದ, ತಲೆಯಿಂದ ಕಾಲಿನವರೆಗೆ ಕೆಂಪು.

"ಒಳಗೆ ಬಾ, ಚಾ ಕುಡಿ," ಎಂದಳು ನಳಿನಾಕ್ಷಿ. "ಮೊದಲು ಮುಖ ತೊಳ್ಕೊ. ನೀನು ಯಾರೂಂತ ಗೊತ್ತಾಗ್ಲಿ."