ಎತ್ತಿಕೊಳ್ಳದ ಕೂಸು

ಡಂಬಳ ಬಿಟ್ಟು ಬೆಟಗೇರಿಗೆ ಬಂದ ತಿರಕಪ್ಪ ಚನ್ನಬಸವಣ್ಣನ ಹತ್ತಿರ ಕೆಲಸಕ್ಕೆ ನಿಂತು ಬಹಳ ವರ್ಷವಾಗಿತ್ತು. ಇಲಿ, ತಿಗಣೆ, ಗೆದ್ದಲು, ಜಿರಳೆ ಯಾವುದರ ಕಾಟವಿದ್ದರೂ ಜನ ಚನ್ನಬಸವಣ್ಣನ ಅಂಗಡಿಗೆ ಫೋನು ಮಾಡುತ್ತಿದ್ದರು. ಅವನು ತಿರಕಪ್ಪನನ್ನೂ ಯಮನೂರಸಾಬನನ್ನೂ ಔಷಧ ಹೊಡೆಯುವ ಪಂಪು ಹೊರಿಸಿ ಕಳಿಸುತ್ತಿದ್ದ. ಔಷಧದ ವಾಸನೆ ಮೈಗೆ ಅಂಟಿದ್ದು ಬಿಟ್ಟರೆ ಈ ಕೆಲಸದಿಂದ ತನಗೆ ಕೇಡಾದೀತೆಂದು ತಿರಕಪ್ಪ ಎಂದೂ ಎಣಿಸಿರಲಿಲ್ಲ.

ಲಕ್ಷ್ಮೇಶ್ವರದ ಒಂದು ಖಾಸಗಿ ದವಾಖಾನೆಯಿಂದ ಕರೆ ಬಂದಿತ್ತು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಇಲಿಗಳು ಮರಿ ಹಾಕಿದ್ದವು. ಅಲ್ಲಿಯವರು ಬಳಸಿದ ಸೂಜಿಗಳನ್ನು ಬೇರೆ ಡಬ್ಬಿಯಲ್ಲಿಡದೆ ಕಸದ ಚೀಲಕ್ಕೇ ಒಗೆದಿದ್ದರು. ಇಲಿಗಳು ಚೀಲ ಕಡಿದು ಹತ್ತಿ, ಬ್ಯಾಂಡೇಜು ಎಲ್ಲವನ್ನೂ ಎಳೆದು ತಂದು ಮೆತ್ತಗೆ ಹಾಸಿಕೊಂಡಿದ್ದವು. ತಿರಕಪ್ಪ ಬಗ್ಗಿ ಕೈ ಹಾಕಿ ಆ ಹತ್ತಿಯ ಮುದ್ದೆಯನ್ನು ಬಾಚಿ ಎಳೆದ. ಹೆಬ್ಬೆರಳ ಬುಡದಲ್ಲಿ ಚುರ್ ಎಂದಿತು. ತೆಳ್ಳನೆಯ ರಬ್ಬರಿನ ಕೈಗವಸು ತೂರಿ ಸೂಜಿಯೊಂದು ಮಾಂಸದಲ್ಲಿ ನಿಂತಿತ್ತು. ಕಿತ್ತರೆ ರಕ್ತ ಬಂತು.

ಖಾಲಿ ಸೂಜಿ, ಏನೂ ಆಗುವುದಿಲ್ಲ ಎಂದರು ದವಾಖಾನೆಯವರು. ಯಮನೂರಸಾಬ ಕೇಳಲಿಲ್ಲ. ಸಾಬೂನು ಹಚ್ಚಿ ನಲ್ಲಿಯ ಕೆಳಗೆ ಕೈ ತೊಳೆಸಿದ. ಕೆಲಸ ಅಲ್ಲಿಗೇ ಬಿಟ್ಟು, ತಿರಕಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಗದಗಿನ ಸರಕಾರಿ ಆಸ್ಪತ್ರೆಗೆ ಕರೆತಂದ.

ಅಲ್ಲಿಯ ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡಳು. ರಕ್ತದಿಂದ ಅಂಟುವ ಕಾಮಾಲೆ, ಅಂದರೆ ಕಾಮಣಿಯ ಚುಚ್ಚುಮದ್ದು ಧಣಿಗಳು ಮೊದಲೇ ಹಾಕಿಸಿದ್ದಾರೇನೆಂದು ವಿಚಾರಿಸಿದಳು. ಅಂಥದ್ದೊಂದು ಇದೆಯೆಂಬುದೇ ತಿರಕಪ್ಪನಿಗೆ ಗೊತ್ತಿರಲಿಲ್ಲ. ಸೂಜಿ ಯಾರ ಮೈಯಿಂದ ಬಂದದ್ದೋ ತಿಳಿಯದು, ಆದ್ದರಿಂದ ಇಂಜೆಕ್ಷನ್ ಆಗಬೇಕು, ಒಂದು ತಿಂಗಳು ಗುಳಿಗೆ ತಪ್ಪಿಸಬಾರದು, ಆರು ತಿಂಗಳ ತನಕ ಆಗಾಗ ಬಂದು ರಕ್ತ ತೋರಿಸಬೇಕು ಎಂದಳು. ಏಡ್ಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಿರಕಪ್ಪ ಚುಚ್ಚಿದ ಕೈಯನ್ನು ಮೈಯಿಂದ ದೂರ ಹಿಡಿದ. ಅದನ್ನು ನೋಡಿಯೇ ಅವಳು ಬಿಡಿಸಿ ಹೇಳಿದಳು.

"ಹೆಂಡ್ತಿ ಜೋಡಿ ಜ್ವಾಕಿಲೆ ಇರ್ರಿ. ಗಡ್ಡದ ಬ್ಲೇಡ್ ಯಾರಿಗೂ ಕೊಡಬ್ಯಾಡ್ರಿ. ಉಳಿದದ್ದಕ್ಕ ಅಂಜಬ್ಯಾಡ್ರಿ. ಮುಟ್ಟಿದ್ರ ಬರೂದಲ್ಲ ಇದು, ಕೂಡಿ ಉಂಡ್ರೂ ಬರೂದಲ್ಲ."

ತಿರಕಪ್ಪ ತಲೆಯಾಡಿಸಿದ. ಮಾತು ತಲೆಗೆ ಹೋಗಿತ್ತು, ಎದೆಗೆ ಇಳಿಯಲಿಲ್ಲ.

ಮನೆಯಲ್ಲಿ ಮಗಳು ನೀಲಾ ಚೊಚ್ಚಲ ಬಾಣಂತನಕ್ಕೆ ಮುಂಡರಗಿಯ ಗಂಡನ ಮನೆಯಿಂದ ಬಂದಿದ್ದಳು. ತಿರಕಪ್ಪ ಹೆಂಡತಿ ಕಳಕವ್ವನನ್ನು ಹಿತ್ತಲಿಗೆ ಕರೆದು ನಡೆದದ್ದನ್ನು ಹೇಳಿ, ಬಸುರಿ ಹುಡುಗಿಗೆ ತಿಳಿಯಕೂಡದೆಂದು ಆಣೆ ಹಾಕಿಸಿಕೊಂಡ. ಅಂದಿನಿಂದ ಅವನ ತಾಟು ಬೇರೆಯಾಯಿತು, ಹಾಸಿಗೆ ಹೊರಗಿನ ಕಟ್ಟೆಗೆ ಹೋಯಿತು. ಗುಳಿಗೆಗೆ ಹೊಟ್ಟೆ ತೊಳಸಿ ವಾಂತಿಯಾದಾಗ ನೀಲಾ ಗಾಬರಿಯಾಗಿ ಕೇಳಿದರೆ, ಔಷಧದ ವಿಷ ಮೈಗೆ ಹತ್ತಿದೆ, ನೀನು ದೂರ ಇರು ಎಂದುಬಿಟ್ಟ.

ಕೂಸು ಹುಟ್ಟಿತು. ಹೆಣ್ಣು, ತೂಕ ಕಡಿಮೆ. ತೊಟ್ಟಿಲಿಗೆ ಹಾಕಿದ ದಿನ ತಿರಕಪ್ಪನ ತಾಯಿ ಅಮೃತವ್ವನ ನೆನಪಿಗೆ ಅಮೃತಾ ಎಂದು ಹೆಸರಿಟ್ಟರು. ಬಂದವರೆಲ್ಲ ಕೂಸನ್ನು ಕೈಯಿಂದ ಕೈಗೆ ದಾಟಿಸಿ ಮುದ್ದಾಡಿದರು. ತಿರಕಪ್ಪ ಹೊಸ್ತಿಲ ಆಚೆ ನಿಂತೇ ನೋಡಿದ. ನೀಲಾ ಎರಡು ಸಲ ಕರೆದಳು. ಮೈ ವಾಸನೆ, ಕೂಸಿಗೆ ಆಗುವುದಿಲ್ಲ ಎಂದ. ಸ್ನಾನ ಮಾಡಿ ಬಾ ಎಂದಳು. ಬರಲಿಲ್ಲ. ಆಮೇಲೆ ಅವಳು ಕರೆಯುವುದನ್ನು ಬಿಟ್ಟಳು. ಒಮ್ಮೆ ನೆರೆಮನೆಯ ಸಾವಂತ್ರೆವ್ವನ ಮುಂದೆ, ಗಂಡಾಗಿದ್ದರೆ ಅಪ್ಪ ಹೆಗಲಿನಿಂದ ಇಳಿಸುತ್ತಿರಲಿಲ್ಲ ಎಂದು ಅವಳು ಕಣ್ಣೊರೆಸಿಕೊಂಡದ್ದು ಕಟ್ಟೆಯ ಮೇಲಿದ್ದ ತಿರಕಪ್ಪನಿಗೆ ಕೇಳಿಸಿತು. ಅವನು ಎದ್ದು ಅಂಗಡಿಗೆ ಹೋದ.

ಮೂರು ತಿಂಗಳ ಪರೀಕ್ಷೆಯಲ್ಲೂ ರಕ್ತ ಸ್ವಚ್ಛವಾಗಿಯೇ ಬಂತು. ಇನ್ನೊಂದೇ ಉಳಿಯಿತು, ಮೊಮ್ಮಗಳನ್ನು ಆಡಿಸಿರಿ ಎಂದು ಡಾಕ್ಟರಮ್ಮ ನಕ್ಕಳು. ಕಳಕವ್ವ ಮನೆಯಲ್ಲಿ ಅದನ್ನೇ ಹಿಡಿದಳು.

"ಡಾಕ್ಟರ್ ಹೇಳ್ಯಾರಲ್ರಿ. ಎತ್ತಿಕೊಂಡ್ರ ಏನಾಕ್ಕೈತಿ? ಹುಡುಗಿ ಮನಸಿಗೆ ಹಚ್ಚಿಕೊಂಡಾಳ."

"ಕಡೀದೊಂದು ಬರ್ಲಿ," ಎಂದ ತಿರಕಪ್ಪ. "ಇಷ್ಟ ದಿನ ತಡದೇನಿ. ಕೂಸು ಎಲ್ಲಿ ಹೋಗ್ತೈತಿ?"

ಕೂಸಿಗೆ ನೆಗಡಿಯಾಯಿತು. ಮೊದಲು ಬರಿಯ ನೆಗಡಿ. ಬರಬರುತ್ತ ಹಾಲು ಕುಡಿಯಲೊಲ್ಲದೆ ಪಕ್ಕೆ ಒಳಗೆ ಎಳೆಯತೊಡಗಿತು. ಆಸ್ಪತ್ರೆಗೆ ಒಯ್ದರು. ಗಾಜಿನ ಆಚೆ ಕೊಳವೆಗಳ ನಡುವೆ ಮಲಗಿಸಿದರು. ಎರಡನೆಯ ದಿನ ಮುಂಜಾನೆ ನರ್ಸು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ನೀಲಾಳ ಮಡಿಲಲ್ಲಿಟ್ಟಳು.

ಅಳಿಯ ಸಿದ್ದರಾಮ ಗೋಡೆಗೆ ಆತು ಕುಸಿದಿದ್ದ. ಮಣ್ಣಿಗೆ ಒಯ್ಯುವ ಹೊತ್ತಾದಾಗ ಹಿರಿಯನೆಂದು ತಿರಕಪ್ಪ ಮುಂದೆ ಬಂದು ಎರಡೂ ಕೈ ಚಾಚಿದ. ನೀಲಾ ಕೂಸನ್ನು ಎದೆಗೆ ಒತ್ತಿಕೊಂಡಳು.

"ಈಗ್ಯಾಕ ಬಂದಿ ಅಪ್ಪಾ? ಜೀವ ಇದ್ದಾಗ ಒಮ್ಮೆನೂ ಎತ್ತಿಕೊಳ್ಳಿಲ್ಲ. ಹೆಣ್ಣಂತ ದೂರ ನಿಂತಿ."

ತಿರಕಪ್ಪನ ಚಾಚಿದ ಕೈ ಹಾಗೇ ನಿಂತಿತ್ತು. ಆಗ ಕಳಕವ್ವ ಆಣೆ ಮುರಿದಳು. ಮಗಳ ಪಕ್ಕ ನೆಲಕ್ಕೆ ಕೂತು, ಲಕ್ಷ್ಮೇಶ್ವರದ ದವಾಖಾನೆ, ಸೂಜಿ, ಗುಳಿಗೆ, ಬೇರೆ ತಾಟು, ಎಲ್ಲವನ್ನೂ ಅಳುತ್ತ ಹೇಳಿದಳು. ಮುಟ್ಟಿದರೆ ಏನೂ ಆಗುವುದಿಲ್ಲವೆಂದು ಡಾಕ್ಟರು ಹೇಳಿದ್ದನ್ನೂ ಮುಚ್ಚಲಿಲ್ಲ.

"ನನಗರ ಹೇಳಬೇಕಿತ್ತಲ್ಲಪ್ಪಾ," ಎಂದು ನೀಲಾ ಸಣ್ಣ ದನಿಯಲ್ಲಿ ಅಂದಳು. ಆಮೇಲೆ ಕೂಸನ್ನು ಅವನ ಕೈಯಲ್ಲಿಟ್ಟಳು.

ಅದಕ್ಕೆ ತೂಕವೇ ಇರಲಿಲ್ಲ. ತಿರಕಪ್ಪ ಅದನ್ನು ಎದೆಗೆ ಆನಿಸಿಕೊಂಡು ಆಟೋದಲ್ಲಿ ಕೂತ. ಹಾದಿಯುದ್ದಕ್ಕೂ ಬಿಸಿಲು ತಾಗದ ಹಾಗೆ ಧೋತರದ ಸೆರಗು ಮರೆಮಾಡಿ ಹಿಡಿದಿದ್ದ. ಮಣ್ಣಿನಲ್ಲಿ ಇಳಿಸುವಾಗ ಬಿಡಲೊಲ್ಲದ ಅವನ ಕೈಯನ್ನು ಮಣ್ಣಿಗೆ ಬಂದಿದ್ದ ಯಮನೂರಸಾಬನೇ ಮೆಲ್ಲಗೆ ಬಿಡಿಸಬೇಕಾಯಿತು.

ನೀಲಾ ಮುಂಡರಗಿಗೆ ಹಿಂದಿರುಗಿದಳು. ಆರು ತಿಂಗಳ ಪರೀಕ್ಷೆಯ ದಿನ ಡಾಕ್ಟರಮ್ಮ ಏನೂ ಇಲ್ಲ, ನೀವು ಪಾರಾದಿರಿ ಎಂದಳು. ತಿರಕಪ್ಪ ಹೊರಗೆ ಬಂದು ಬೇವಿನ ಗಿಡದ ಬುಡದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತ. ದಾರಿಹೋಕನೊಬ್ಬ ನಿಂತು, ಒಳಗೆ ಯಾರು ತೀರಿಕೊಂಡರೆಂದು ಕೇಳಿದ.

ಮರುದಿನ ಅವನು ಚನ್ನಬಸವಣ್ಣನ ಎದುರು ನಿಂತು, ದಪ್ಪ ಚರ್ಮದ ಕೈಗವಸು, ಉದ್ದ ಇಕ್ಕಳ ಕೊಡಿಸದ ಹೊರತು, ಎಲ್ಲರಿಗೂ ಕಾಮಣಿಯ ಚುಚ್ಚುಮದ್ದು ಹಾಕಿಸದ ಹೊರತು ತಾನಾಗಲಿ ಯಮನೂರಸಾಬನಾಗಲಿ ಪಂಪು ಮುಟ್ಟುವುದಿಲ್ಲ ಎಂದ. ಚನ್ನಬಸವಣ್ಣ ಮೊದಲು ಸಿಡುಕಿದ. ಮೊಮ್ಮಗಳ ಸುದ್ದಿ ಅವನಿಗೂ ಗೊತ್ತಿತ್ತು. ಕೊನೆಗೆ "ಆತು, ತರಸ್ತೇನಿ," ಎಂದ. ತರಿಸಿದ ಕೂಡ. ಸೂಜಿ ಬೇರೆ ಡಬ್ಬಿಯಲ್ಲಿಡದ ದವಾಖಾನೆಯ ಬಾಗಿಲಲ್ಲೇ ತಿರಕಪ್ಪ ಈಗ ಪಂಪು ಇಳಿಸುತ್ತಾನೆ, ಒಳಗೆ ಕಾಲಿಡುವುದಿಲ್ಲ.

ಒಂದು ರವಿವಾರ ಅವನು ಮುಂಡರಗಿಗೆ ಹೋದ. ನೀಲಾ ಚಹಾ ಕೊಟ್ಟು ಎದುರಿಗೆ ಕೂತಳು. ಮಳೆಯದು, ಬಸ್ಸಿನದು ಒಂದೆರಡು ಮಾತು ಆಯಿತು. ಚಹಾ ಆರುವತನಕ ತಿರಕಪ್ಪ ಅದನ್ನು ಮುಟ್ಟಲಿಲ್ಲ.

"ಯವ್ವಾ," ಎಂದ ಕೊನೆಗೆ. "ಅಕಿ ಹೆಂಗಿದ್ದಳು? ನಾ ದೂರಿಂದ ನೋಡೇನಿ. ನನಗೊಂದೀಟು ಹೇಳು."

ನೀಲಾ ಸೆರಗು ಬಾಯಿಗೆ ಹಚ್ಚಿಕೊಂಡಳು. ಸಾವರಿಸಿಕೊಂಡು ಹೇಳತೊಡಗಿದಳು. ಬೆರಳು ಕೊಟ್ಟರೆ ಗಟ್ಟಿ ಹಿಡಿದು ಬಿಡುತ್ತಿರಲಿಲ್ಲವಂತೆ. ಎಣ್ಣೆ ಹಚ್ಚುವಾಗ ಅಳು ನಿಲ್ಲಿಸಿ ತೊಲೆ ನೋಡುತ್ತಿದ್ದಳಂತೆ. ಬಲಗಿವಿಯ ಹಿಂದೆ ಸಾಸಿವೆಯಷ್ಟು ಮಚ್ಚೆಯಿತ್ತಂತೆ.

"ಯಾವ ಕಿವಿ?" ಎಂದು ತಿರಕಪ್ಪ ಇನ್ನೊಮ್ಮೆ ಕೇಳಿದ. ನೀಲಾ ಇನ್ನೊಮ್ಮೆ ಹೇಳಿದಳು.