ಎಂಟನೆಯವನ ಕಾಲು

ಎಂಟನೆಯವನಿಗೆ ಫುಟ್‌ವರ್ಕ್ ಇರಲಿಲ್ಲ. ಹೂತ ಗೂಟದಂತೆ ನಿಂತಿದ್ದ, ಚೆಂಡು ಬಂದಾಗ ಕೈ ಮುಂದೆ ಹೋಗುತ್ತಿತ್ತು, ಕಾಲು ಹೋಗುತ್ತಿರಲಿಲ್ಲ, ಶಿಗ್ಗಾಂವ ಬಸ್‌ಸ್ಟ್ಯಾಂಡಿನೆದುರು ಹಾಲವ್ವನ ಚಹದಂಗಡಿಯ ಧೂಳು ಹಿಡಿದ ಟಿವಿಯಲ್ಲೇ ರುದ್ರೇಶನಿಗೆ ಇದು ಕಾಣುತ್ತಿದೆ, ದೇಶದ ತಂಡ ಆರಿಸುವವರಿಗೆ ಕಾಣಲಿಲ್ಲವೇ, ಕಂಡೂ ಆರಿಸಿದ್ದಾರೆಂದರೆ ಒಳಗೆ ಏನೋ ಇರಬೇಕು — ಇದ್ದೇ ಇರುತ್ತದೆ. ಅರ್ಧ ತಾಸಿನ ಹಿಂದೆ ನಾಲ್ಕೇ ವಿಕೆಟ್ ಹೋಗಿದ್ದವು, ನಲವತ್ತೆಂಟು ರನ್ ಸಾಕಿತ್ತು, ಗೆದ್ದೇವಿ ಬಿಡ್ರಿ ಎಂದು ಹಮಾಲ ಉಳಿವೆಪ್ಪ ಎರಡನೆಯ ಪ್ಲೇಟು ಮಿರ್ಚಿ ಹೇಳಿದ್ದ, ಈಗ ಆರು ಹೋಗಿವೆ, ಇವರಿಗಿಂತ ನಮ್ಮ ಹಾಲವ್ವ ಲಟ್ಟಣಿಗಿ ಹಿಡದು ನಿಂತ್ರ ಛಲೋ ಆಡ್ತಾಳ ಅನ್ನುತ್ತಿದ್ದಾನೆ, ನಾ ನಿಂತ್ರ ಮೊದಲ ಬಡಿಯೂದು ನಿನ್ನ ಎಂದು ಹಾಲವ್ವ ಒಲೆಯ ಕಡೆಯಿಂದಲೇ ಅಂದಳು, ಎಲ್ಲರೂ ನಕ್ಕರು, ಆಸೀಮ ನಗಲಿಲ್ಲ. ಯಾಕೆ ನಗಲಿಲ್ಲ. ಎದುರು ಬೆಂಚಿನ ಮೇಲೆ ಎಡಗಾಲು ಮಡಚಿ ತೊಡೆಯಡಿ ಇಟ್ಟುಕೊಂಡು ಕೂತಿದ್ದಾನೆ, ತೊಡೆಯಡಿಯಿಂದ ಹೆಬ್ಬೆರಳು ಹೊರಗೆ ಬಂದಿದೆ, ಉಗುರು ಕಪ್ಪಾಗಿದೆ, ಆ ಬೆರಳು ಮಡಚುತ್ತದೆ, ಬಿಚ್ಚುತ್ತದೆ, ಒಳಗೆ ಯಾವುದೋ ಹಾಡಿಗೆ ತಾಳ ಹಾಕುವವನಂತೆ.

ಏಳನೆಯದೂ ಹೋಯಿತು, ಬೌಲ್ಡ್, ಕಾಲು ಕದಲಲೇ ಇಲ್ಲ. ರುದ್ರೇಶ ಸ್ಟಂಪು ನೋಡಲಿಲ್ಲ, ಬೆರಳು ನೋಡಿದ — ಮಡಚಿತು, ಬಿಚ್ಚಿತು. ಬೆಳಿಗ್ಗೆ ಹಾಸ್ಟೆಲಿನ ನಲ್ಲಿಯ ಹತ್ತಿರ ಅಂಗಿ ಹಿಂಡುತ್ತ ಇವನೇ ಹೇಳಿದ್ದ, ಆರರ ಕೆಳಗ ಒಬ್ಬಂಗೂ ಬ್ಯಾಟಿಂಗ್ ಬರೂದಿಲ್ಲೋ, ಒಬ್ಬ ಸೆಟ್ ಆದಾಂವ ಔಟಾದ್ರ ಸಾಕು, ಸಾಲಾಗಿ ಬೀಳ್ತಾರ, ನೋಡ್ತಿರು. ಅಷ್ಟು ಸರಿಯಾಗಿ ಹೇಗೆ ಹೇಳಿದ, ಬಯಸದವನ ಬಾಯಲ್ಲಿ ಅಂಥ ಮಾತು ಬರುತ್ತದೆಯೇ, ಎದುರಿಗಿರುವವರು ನ್ಯೂಜಿಲೆಂಡಿನವರು, ಇವನಿಗೂ ಅವರಿಗೂ ಸಂಬಂಧವಿಲ್ಲ ಎನ್ನುವುದು ನಿಜ, ಆದರೆ ಅವರು ಗೆಲ್ಲುವುದು ಬೇಡವಾಗಿದ್ದರೂ ನಾವು ಸೋಲುವುದು ಬೇಕಿರಬಹುದಲ್ಲ, ಹಂಸಭಾವಿಯಿಂದ ದೊಡ್ಡಪ್ಪನ ಮಗ ಬಸವೇಶ ವಾಟ್ಸಾಪಿನಲ್ಲಿ ದಿನಾ ಕಳಿಸುತ್ತಾನೆ, ಸೋತ ದಿನ ಯಾರ ಮಾರಿ ಹೆಂಗೈತಿ ನೋಡ್ಕೋರಿ ಅಂತ, ಓದಿ ಅಳಿಸುತ್ತಿದ್ದ ರುದ್ರೇಶ, ಅಳಿಸಿದ್ದು ಎಲ್ಲೋ ಉಳಿದೇ ಇರುತ್ತದೆ. ಹಿರೇಕೆರೂರಿಗೆ ಕಾಲೇಜು ತಂಡದ ಜೊತೆ ಹೋದಾಗ ತಾನೂ ಇದೇ ಮಾತು ಆಡಿರಲಿಲ್ಲವೇ, ನಾವಿಬ್ರು ಓಪನರ್ ಔಟಾದ್ರ ಉಳಿದವರು ಬ್ಯಾಗ್ ತುಂಬತಾರ ಅಂತ — ಅದು ಬೇರೆ, ಅದು ನಮ್ಮ ತಂಡ. ಆ ದಿನ ತಾನು ಮೂರು ರನ್ನಿಗೆ ಔಟು, ಆಸೀಮನ ಹೆಬ್ಬೆರಳಿಗೆ ಯಾರ್ಕರ್ ಬಡಿದು ಸಾಕ್ಸು ಕೆಂಪಾಗಿತ್ತು, ಬಾ ಹೊರಗ ಅಂದರೆ ಬರಲಿಲ್ಲ, ನಾ ಬಂದ್ರ ಹಿಂದ ಯಾರದಾರಲೇ ಅಂದ, ಹನ್ನೊಂದು ಓವರ್ ಕುಂಟುತ್ತ ಆಡಿ ಗೆಲ್ಲಿಸಿದ, ಉಗುರು ಕಪ್ಪಾದದ್ದು ಹಾಗೆ. ಬರುವ ರವಿವಾರ ಹಾನಗಲ್ಲಿನಲ್ಲಿ ಫೈನಲ್, ಇವನಿಲ್ಲದೆ ಆಡಲಾಗದು, ಅದಕ್ಕೇ ಇವನಿಗೆ ಸೊಕ್ಕು ಬಂದಿರಬಹುದು.

ಬೆಂಚಿನ ಮೇಲೆ ಬೋರಲು ಹಾಕಿದ ಅವನ ಫೋನು ಮತ್ತೆ ಗುರ್ ಎಂದಿತು, ಇದು ನಾಲ್ಕನೆಯ ಸಲ, ಎತ್ತುವುದಿಲ್ಲ, ಮೂಲೆ ಎತ್ತಿ ಹೆಸರು ನೋಡುತ್ತಾನೆ, ಮತ್ತೆ ಬೋರಲು ಹಾಕುತ್ತಾನೆ, ನಮ್ಮೆದುರು ಮಾತಾಡಲಾಗದ್ದು ಏನಿದೆ, ಆ ಕಡೆ ಯಾರು ಕೂತು ವಿಕೆಟ್ ಎಣಿಸುತ್ತಿದ್ದಾರೆ — ಎಂಟು, ರನೌಟು, ಇಬ್ಬರೂ ಒಂದೇ ಕಡೆ ಓಡಿದರು. ಥೂ ಎಂದ ಉಳಿವೆಪ್ಪ. ಬೆರಳು ಮಡಚಿತು, ಬಿಚ್ಚಿತು, ಈಗ ಇನ್ನೂ ಜೋರಾಗಿ. ಒಂಬತ್ತು. ಆಸೀಮನ ಮೂಗಿನಿಂದ ಉಸಿರು ಹೊರಬಿತ್ತು, ನಗು ತಡೆದಂತೆ, ನಗುವೇ ಇರಬೇಕು, ಇನ್ನೇನು ಇರುತ್ತದೆ, ಒಳಗ ಖುಷಿ ಆಗೇತೇನಲೇ ನಿನಗ — ಅಂದದ್ದು ತಾನೇ, ಅಂಗಡಿಯೆಲ್ಲ ಕೇಳುವಂತೆ ಅಂದುಬಿಟ್ಟಿದ್ದ.

ಏನಂದಿ, ಎಂದ ಆಸೀಮ. ಏನಿಲ್ಲ, ಮಾರಿ ನೋಡಿದ್ರ ತಿಳೀತೈತಲ್ಲ, ಎಂದ ರುದ್ರೇಶ, ನಿಲ್ಲಿಸಬಹುದಿತ್ತು, ನಾಲಿಗೆಗೆ ದಾರಿ ಸಿಕ್ಕಿತ್ತು. ಹಾಲವ್ವನ ಸೌಟು ನಿಂತಿತು. ಆಸೀಮ ಸಿಟ್ಟಿಲ್ಲದೆ, ಬಸ್ಸಿನ ಹೊತ್ತು ಹೇಳುವವನಂತೆ ಹೇಳಿದ, ಕಾಲು ಜೋಮು ಹಿಡದೈತಿ, ಎರಡು ತಾಸಾತು, ಏಳಬ್ಯಾಡ, ಎದ್ದಿ ಅಂದ್ರ ವಿಕೆಟ್ ಬೀಳ್ತೈತಿ ಅಂದಾಂವ ನೀನ. ಹೌದು, ತಾನೇ. ಜೊತೆಯಾಟ ನಡೆದಿರುವಾಗ ಯಾರು ಹೇಗೆ ಕೂತಿದ್ದರೋ ಹಾಗೇ ಕೂರಬೇಕು, ಅಂಗಡಿಯ ಕಟ್ಟಳೆ, ಇವ ಕಾಲು ಮಡಚಿ ಕೂತಾಗ ಜೊತೆಯಾಟ ಶುರುವಾಗಿತ್ತು, ಉಳಿವೆಪ್ಪ ಉಗುಳಲು ಎದ್ದಾಗ ಐದನೆಯ ವಿಕೆಟ್ ಬಿದ್ದಿತ್ತು, ಆಗ ತಾನು ಮತ್ತೆ ಗದರಿಸಿದ್ದ, ಆಸೀಮ, ನೀ ಮಾತ್ರ ಏಳಬ್ಯಾಡ. ಸವಣೂರಿನ ಮೂರೂವರೆಯ ಬಸ್ಸು ಹೋಗಿತ್ತು. ನಾಲ್ಕೂಕಾಲಿನದೂ ಹೋಗಿತ್ತು. ಇವತ್ತ ತಸ್ಲೀಮಾನ್ನ ನೋಡಾಕ ಮಂದಿ ಬರ್ತಾರ, ಸವಣೂರಾಗ ನಾಕರೊಳಗ ಇರಬೇಕು ಅಂತ ತಂಗಿಯ ಸುದ್ದಿ ಇವ ಬೆಳಿಗ್ಗೆಯೇ ಹೇಳಿದ್ದ, ಅಂಗಿ ಒಗೆದದ್ದೂ ಅದಕ್ಕೇ. ಫೋನು ಮತ್ತೆ ಗುರ್ ಎಂದಿತು, ಈ ಸಲ ಅಂಗಾತ ಇತ್ತು, ಅಮ್ಮಿ ಎಂದು ಬರೆದಿತ್ತು.

ಆಸೀಮ ಎದ್ದ, ಕಾಲು ನಿಲ್ಲಲಿಲ್ಲ, ಕುಸಿದು ಕೂತ, ಕಂಬ ಹಿಡಿದು ಮತ್ತೆ ಎದ್ದ. ಹಿಡಿಯಲು ಹೋದ ರುದ್ರೇಶನ ಕೈಯನ್ನು ಅವನು ತಳ್ಳಲಿಲ್ಲ, ನೋಡಲೂ ಇಲ್ಲ. ಚಹಾ ಕುಡದು ಹೋಗೋ ತಮ್ಮಾ, ಎಂದಳು ಹಾಲವ್ವ. ಬ್ಯಾಡ ಯವ್ವಾ. ಬಾಗಿಲಲ್ಲಿ ನಿಂತು, ಹಾನಗಲ್‌ಗೆ ಬ್ಯಾರೆಯವರನ್ನ ಕರಕೊಂಡು ಹೋಗು, ಎಂದ, ಎಡಗಾಲು ಎಳೆಯುತ್ತ ರಸ್ತೆ ದಾಟಿದ. ಟಿವಿಯಲ್ಲಿ ಹತ್ತನೆಯ ವಿಕೆಟ್ಟೂ ಬಿದ್ದಿರಬೇಕು, ಉಳಿವೆಪ್ಪ ಎದ್ದು ಮೈ ಮುರಿದ, ಇನ್ನು ಯಾರು ಎದ್ದರೂ ನಡೆಯುತ್ತಿತ್ತು, ರುದ್ರೇಶ ಏಳಲಿಲ್ಲ, ಎದುರಿನ ಬೆಂಚು ಖಾಲಿ, ಖಾಲಿ ಬೆಂಚಿನ ಮೇಲೆ ಹೆಬ್ಬೆರಳು, ಕಪ್ಪು ಉಗುರು, ಮಡಚುತ್ತದೆ, ಬಿಚ್ಚುತ್ತದೆ, ರಕ್ತ ಹರಿಯಲೆಂದು ಮಡಚುತ್ತದೆ — ಹದಿನೇಳು ರನ್ನಿಗೆ ಆರು ವಿಕೆಟ್, ಸವಣೂರಿನ ಎರಡು ಬಸ್ಸು, ಒಬ್ಬ ಓಪನರ್.