ಗುಡಿಸದ ಹೊಲ

ಕಬ್ಬು ಕಡಿದು ಲಾರಿಗೆ ಹೇರಿದ ಮೇಲೆ ಹೊಲದ ತುಂಬಾ ಒಣಗರಿಯ ತರಗು ಬಿದ್ದಿತ್ತು. ಅದಕ್ಕೆ ಬೆಂಕಿ ಕೊಟ್ಟು ನೆಲ ಬೋಳಿಸುವುದು ಊರಿನ ರೂಢಿ. ಸುಡುವುದು ಎನ್ನುತ್ತಿರಲಿಲ್ಲ, ‘ಗುಡಿಸುವುದು’ ಎನ್ನುತ್ತಿದ್ದರು.

ಕಿರಿಸೊಸೆ ಈ ಸಲ ಗುಡಿಸಲಿಲ್ಲ. ತರಗನ್ನು ಸಾಲುಗಳ ನಡುವೆ ಹಾಸಿದಳು. ಹೋದ ವರ್ಷ ಸುಟ್ಟ ನೆಲ ಬೇಸಿಗೆಯಲ್ಲಿ ಹಂಚಿನಂತೆ ಕಾದು, ಕಡಿದ ಬುಡದಿಂದ ಮತ್ತೆ ಚಿಗುರಬೇಕಿದ್ದ ಕೂಳೆ ಕಬ್ಬು ಒಣಗಿಹೋಗಿತ್ತು. ಇನ್ನೊಮ್ಮೆ ಹಾಗಾದರೆ ಆ ಹೊಲವನ್ನು ತಮ್ಮನಿಂದ ತೆಗೆದುಕೊಂಡು ತಾನೇ ಉಳುತ್ತೇನೆಂದು ಗಂಡನ ಅಣ್ಣ ಹೇಳಿಯಾಗಿತ್ತು.

ಊರು ಅವಳಿಗೆ ‘ಕಸದಮ್ಮ’ ಎಂದು ಹೆಸರಿಟ್ಟಿತು. ಹಾಗೆ ಕೂಗಿದರೆ ಅವಳು ‘ಏನು?’ ಎಂದು ಓಗೊಡುತ್ತಿದ್ದಳು. ಕೂಗಿದವರೇ ಪೆಚ್ಚಾಗುತ್ತಿದ್ದರು.

ಒಂದು ಸಂಜೆ ಬಾವ ಜಗಲಿಯಲ್ಲಿ ಕೂತು ತಮ್ಮನಿಗೆ ಹೇಳಿದರು: “ಬೆಳಗ್ಗೆ ನಾನೇ ಬಂದು ಗುಡಿಸ್ತೀನಿ. ಮನೆ ಮಾನ ಹೋಗ್ತಿದೆ.”

ಗಂಡ ತಲೆ ಕೆರೆದುಕೊಂಡ. ಅಣ್ಣನ ಮುಂದೆ ಅವನ ನಾಲಿಗೆ ಮಡಚಿಟ್ಟ ಕೊಡೆ.

ಒಳಗಿನಿಂದ ಅವಳೆಂದಳು: “ಬಾವ, ಬಂದ ದಿನದಿಂದ ಈ ಮನೆ ಅಂಗಳ ಗುಡಿಸ್ತಿದ್ದೀನಿ. ಹೊಲ ಗುಡಿಸಲ್ಲ.”

“ನೋಡೇಬಿಡೋಣಮ್ಮ!”

ಬೆಳಗ್ಗೆ ಬಾವ ಬಂದಾಗ ಅವಳು ಗುದ್ದಲಿ ಹಿಡಿದು ಬದುವಿನ ಮೇಲೆ ನಿಂತಿದ್ದಳು. ಕಾಲೆಲ್ಲ ಕೆಸರು. ಬಾವ ಕಡ್ಡಿ ಗೀರಿ ಎಸೆದರು, ಚುಸ್ ಎಂದಿತು. ಇನ್ನೊಂದು ಎಸೆದರು. ಹೊಗೆ ಎದ್ದು ಅವರ ಕಣ್ಣಿಗೇ ಹೊಕ್ಕಿತು.

“ನೀರು ಬಿಟ್ಟಿದ್ದೀಯಾ?”

“ಇವತ್ತು ಕಾಲುವೆ ನೀರಿನ ಸರದಿ ನಮ್ಮದು ತಾನೆ? ಎಲ್ಲಾ ಕಡ್ಡಿ ಇಲ್ಲೇ ಮುಗಿಸ್ಬೇಡಿ ಬಾವ. ಅಕ್ಕ ಒಲೆ ಹಚ್ಚೋದು ಬೇಡ್ವಾ?”

ಹಿಂದೆ ನಿಂತಿದ್ದ ಗಂಡನಿಗೆ ಕೆಮ್ಮು ಬಂತು. ಅದು ಕೆಮ್ಮಲ್ಲವೆಂದು ಮೂವರಿಗೂ ಗೊತ್ತಿತ್ತು.

“ಒಣಗಿದ ಮೇಲೆ ಬರ್ತೀನಿ!”

“ಬನ್ನಿ. ಅಷ್ಟರಲ್ಲಿ ಕೂಳೆ ಚಿಗುರಿರುತ್ತೆ. ಹಸಿರು ಪೈರಿಗೆ ಕಡ್ಡಿ ಗೀರೋ ಕೈ ನಿಮ್ಮದಲ್ಲ, ನನಗೆ ಗೊತ್ತು.”

ಬಾವ ಕಾಲಿನಿಂದ ತರಗು ಸರಿಸಿದರು. ಕೆಳಗೆ ಮಣ್ಣು ಮೆತ್ತಗೆ, ಕಪ್ಪಗೆ ಇತ್ತು. ಸರಿಸಿದ್ದನ್ನು ಮತ್ತೆ ಮುಚ್ಚಿದರು.

“ನಿಮ್ಮ ಹೊಲದ ತರಗು ನಿಮಗೆ ಬೇಡ ಅಲ್ವಾ ಬಾವ? ಸುಡೋ ಬದಲು ನಾನೇ ಹೊತ್ಕೊಂಡು ಬರ್ತೀನಿ.”

“ಮುಟ್ಟಿದ್ರೆ ನೋಡು!” ಎಂದುಬಿಟ್ಟರು ಬಾವ.

“ಹಾಗಾದ್ರೆ ಅದು ಕಸ ಅಲ್ಲ ಅನ್ನಿ” ಎಂದು ಕಸದಮ್ಮ ಮುಂದಿನ ಸಾಲಿಗೆ ನೀರು ತಿರುಗಿಸಿದಳು.